ಕರೆಯದೆ ಇಳಿಯುವಂತಿಲ್ಲ

"ಹಲಿಗಿ ಹಾಕ್ಲೇನ್ರಿ ಸಾವಕಾರ್ರ?" ಎಂದು ಲಾಂಚು ನಡೆಸುವ ಗುಡದಪ್ಪ ಮತ್ತೊಮ್ಮೆ ಕೇಳಿದ. ಇಳಿಯುವ ಹಲಗೆಯನ್ನು ಅವನು ಇನ್ನೂ ಕೈಯಲ್ಲೇ ಹಿಡಿದಿದ್ದ.

ಐರಣಿಯ ದಂಡೆ ಬಿಟ್ಟು ಬಂದ ಲಾಂಚು ತುಂಗಭದ್ರೆಯ ನಡುವೆ, ನಡುಗಡ್ಡೆಗೆ ಕಲ್ಲು ಎಸೆದರೆ ಮುಟ್ಟುವಷ್ಟು ಹತ್ತಿರ ಬಂದು ನಿಂತಿತ್ತು. ಬಿಸಿಲು ಏರಿದ್ದರೂ ಗಡ್ಡೆಯ ಸುತ್ತಲಿನ ಮಂಜು ಜಾಗ ಬಿಟ್ಟಿರಲಿಲ್ಲ. ಹುಟ್ಟುಹಬ್ಬಕ್ಕೆ, ಮದುವೆಯ ಫೋಟೋಕ್ಕೆ ಜನ ಬಾಡಿಗೆ ಹಿಡಿಯುವ ಲಾಂಚು ಅದು. ಕಂಬಕ್ಕೆಲ್ಲ ಪ್ಲಾಸ್ಟಿಕ್ ಹೂವಿನ ಸರ, ಮೇಲೆ ದೊಡ್ಡ ಸ್ಪೀಕರು. ಇವತ್ತು ಅದನ್ನು ಯಾರೂ ಹಚ್ಚಿರಲಿಲ್ಲ.

ಹಿಂದಿನ ಕುರ್ಚಿಯಲ್ಲಿ ಬಿಸ್ಮಿಲ್ಲಾಬಿ ಗಂಟಲು ಸರಿಮಾಡಿಕೊಂಡಳು. ಹಾವೇರಿ ಪೊಲೀಸಿನಲ್ಲಿ ಎಎಸ್‌ಐ ಆಗಿ ನಿವೃತ್ತಳಾಗಿ ರಾಣೆಬೆನ್ನೂರಿನಲ್ಲಿ ಮನೆ ಮಾಡಿದ್ದ ಹೆಂಗಸು. ನೋಡಲು ಬಂದ ವರನ ನಡತೆ ಹೇಗೆ, ಓಡಿಹೋದ ಬಾಡಿಗೆದಾರ ಎಲ್ಲಿ ಅಂತ ಚಿಲ್ಲರೆ ಪತ್ತೆಕೆಲಸ ಮಾಡಿಕೊಂಡು ಆರಾಮಾಗಿದ್ದವಳನ್ನು ಈ ನೀರಿಗೆ ಎಳೆದು ತಂದವಳು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕಿರಿಸೊಸೆ ಬೇನಜೀರ. ಈ ಲಾಂಚಿನಲ್ಲಿ ಉಳಿದವರ ಪಾಲಿಗೆ ಬಿಸ್ಮಿಲ್ಲಾಬಿ ಬೇನಜೀರಳ ಗುತ್ತಲದ ಖಾಲಾ, ಎಂದರೆ ತಾಯಿಯ ತಂಗಿ. ಪತ್ತೆಕೆಲಸದವಳು ಅಂತ ಗೊತ್ತಿದ್ದದ್ದು ಅವರಿಬ್ಬರಿಗೇ.

ಬೇನಜೀರಳ ಫೋನಿಗೆ ಬಂದ, ಬಟ್ಟೆ ಅಡ್ಡ ಹಿಡಿದಂತಿದ್ದ ಗಂಡು ದನಿ ಇಷ್ಟೇ ಹೇಳಿತ್ತು: "ನಿಮ್ಮ ಮಾವನ್ನ ಗಡ್ಡಿಗೆ ಇಳಿಸಬ್ಯಾಡ್ರಿ. ಇಳದ್ರ ತಿರುಗಿ ಬರೂದಿಲ್ಲ." ಅವಳು ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಗಂಡ ಮುನಾಫನಿಗಂತೂ ಮೊದಲೇ ಇಲ್ಲ. ಅವಳ ಭಯವೆಲ್ಲ ಅವನ ಮೇಲೆಯೇ ಇತ್ತು.

ಭಯಕ್ಕೆ ಕಾರಣವೂ ಇತ್ತೆನ್ನಿ. ಮುಂದಿನ ಬೆಂಚಿನಲ್ಲಿ ಕೆಂಪು ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಲ್ಲ, ಬಿಳಿಗಡ್ಡದ ಶಾಬುದ್ದೀನ ಸಾಹೇಬರು, ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಹನ್ನೆರಡು ವರ್ಷ ಆ ಅಂಗಡಿ ಎಳೆದವನು ಕಿರಿಮಗ ಮುನಾಫ. ಆದರೆ ಇವತ್ತು ನಡುಗಡ್ಡೆಯ ಗೋರಿಯ ಮುಂದೆ ಅಂಗಡಿಯ ಗಾದಿ ಸಿಗಲಿದ್ದದ್ದು ಹಿರಿಮಗ ಸಮೀವುಲ್ಲಾನಿಗೆ. ಹನ್ನೆರಡು ವರ್ಷದ ಕೆಳಗೆ ಇದೇ ಗಡ್ಡೆಗೆ ಬಂದಾಗ ಕಾಣೆಯಾಗಿ, ಹೊಳೆ ಪಾಲಾದ ಎಂದು ಎಲ್ಲರೂ ಅತ್ತು ಮುಗಿಸಿದ ಮೇಲೆ, ಈ ದೀಪಾವಳಿಯ ಹೊತ್ತಿಗೆ ಮನೆಬಾಗಿಲಿಗೆ ಬಂದು ನಿಂತವನು.

ಇಷ್ಟು ದಿನ ಗುಂಟೂರಿನ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತೆ ಎಂದಿದ್ದ. ತೀರಿಹೋದ ತಾಯಿ ತನ್ನನ್ನು ಏನೆಂದು ಕರೆಯುತ್ತಿದ್ದಳು, ಗೋದಾಮಿನ ಯಾವ ಮೆಟ್ಟಿಲು ಬಿರುಕು ಬಿಟ್ಟಿದೆ, ಎಲ್ಲಾ ಹೇಳಿದ್ದ. ಮುಖ ಬದಲಾಗಿದೆಯಲ್ಲ ಎಂದು ನೆರೆಯವರು ಗುಸುಗುಸು ಅಂದಿದ್ದರು. ಸಾಹೇಬರು ಮಾತ್ರ ಅವನನ್ನು ತಬ್ಬಿಕೊಂಡು, ಆ ದಿನ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ.

ಆ ಮನೆಯ ಪದ್ಧತಿ ಹೀಗಿತ್ತು. ಹಂಗಾಮಿನ ಮೊದಲ ಮೆಣಸಿನಕಾಯಿಯನ್ನು ನಡುಗಡ್ಡೆಯಲ್ಲಿರುವ ವಲಿಯ, ಎಂದರೆ ಸಂತನ, ಗೋರಿಗೆ ತಂದಿಟ್ಟು ಫಾತೇಹಾ ಪ್ರಾರ್ಥನೆ ಓದಬೇಕು. ಮೊದಲು ಇಳಿಯುವವನು ಮನೆಯ ಹಿರಿಯ, ಅದೂ ಒಬ್ಬನೇ. ಅವನು ಗೋರಿಯ ಹತ್ತಿರ ನಿಂತು ಒಬ್ಬೊಬ್ಬರದೇ ಹೆಸರು ಕೂಗಿ ಕರೆಯಬೇಕು. ಕರೆಯದವರು ಇಳಿಯುವಂತಿಲ್ಲ, ಕರೆದವರು ಇಳಿಯದೆ ಇರುವಂತಿಲ್ಲ. ಹಿರಿಮಗ ಹೋದ ಮೇಲೆ ನಿಂತಿದ್ದ ಈ ಹರಕೆ ಅವನು ಬಂದದ್ದಕ್ಕೆ ಮತ್ತೆ ಶುರುವಾಗಿತ್ತು. ಒಬ್ಬ ಮುದುಕನನ್ನು ಮುಗಿಸಬೇಕು ಅಂದುಕೊಂಡವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಬಿಸ್ಮಿಲ್ಲಾಬಿಯ ಗಂಟಲು ಮತ್ತೆ ಕೆರೆಯಿತು. ಕೆಮ್ಮಿದಳು. ಚುಕ್ಕಾಣಿಯ ಹತ್ತಿರ ಗುಡದಪ್ಪನೂ ಕೆಮ್ಮಿ, ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

ಗಾಳಿ ಗಡ್ಡೆಯ ಕಡೆಯಿಂದ ಬೀಸುತ್ತಿತ್ತು. ಅದರಲ್ಲಿ ಘಾಟಿತ್ತು, ಒಣಮೆಣಸಿನಕಾಯಿ ಬೆಂಕಿಗೆ ಬಿದ್ದಾಗಿನ ಮೂಗು ಸುಡುವ ಘಾಟು.

"ಗಡ್ಡಿ ಮ್ಯಾಲೆ ಯಾರೋ ಒಗ್ಗರಣಿ ಹಾಕಾಕತ್ತಾರಲ್ರೀ," ಎಂದಳು ಬಿಸ್ಮಿಲ್ಲಾಬಿ ತಮಾಷೆಯ ದನಿಯಲ್ಲಿ.

ಮುನಾಫ ಮೂಗೇರಿಸಿ ನೋಡಿದ. ಏನೂ ಇಲ್ಲವಲ್ಲ ಖಾಲಾ, ಬರೀ ಮಂಜು ಎಂದ. ಬೇನಜೀರಳಿಗೂ ಏನೂ ಬರಲಿಲ್ಲ. ಸಾಹೇಬರು ತಿರುಗಿ ಬಿಸ್ಮಿಲ್ಲಾಬಿಯ ಮುಖ ನೋಡಿದರು. ಈ ಮನೆಯವರನ್ನು ಬೈದು ಉಪಯೋಗವಿಲ್ಲ. ಹೊಸಬರು ಬ್ಯಾಡಗಿಯ ಬಸ್ಸಿಳಿದರೆ ಸೀನಿ ಸೀನಿ ಸುಸ್ತಾಗುತ್ತಾರೆ. ಆ ಗೋದಾಮುಗಳ ನಡುವೆ ತೊಟ್ಟಿಲಲ್ಲಿ ಮಲಗಿದವರ ಮೂಗಿಗೆ ಘಾಟೆಂಬುದು ಸತ್ತೇ ಹೋಗಿರುತ್ತದೆ. ಬೇನಜೀರಳೂ ಅದೇ ಪೇಟೆಯ ಮಗಳು.

ಆಗ ಮೂರನೆಯ ಕೆಮ್ಮು ಕೇಳಿತು. ಸಮೀವುಲ್ಲಾ ಎಲ್ಲರಿಗೂ ಬೆನ್ನು ಮಾಡಿ, ಕರವಸ್ತ್ರ ಬಾಯಿಗೊತ್ತಿಕೊಂಡು ಕೆಮ್ಮು ಕೊಲ್ಲಲು ನೋಡುತ್ತಿದ್ದ. ಕಣ್ಣಲ್ಲಿ ದಳದಳ ನೀರು.

ಬಿಸ್ಮಿಲ್ಲಾಬಿ ಅದನ್ನು ನೋಡಿಯೂ ನೋಡದವಳಂತೆ ಕೂತಳು. ಅಷ್ಟರಲ್ಲಿ ಗುಡದಪ್ಪ ಅವಳ ಕಡೆ ಬಾಗಿ ಗಡ್ಡೆಯ ದಂಡೆಯ ಜೊಂಡಿನತ್ತ ಕಣ್ಣು ಮಾಡಿದ. ಅಲ್ಲೊಂದು ಹರಿಗೋಲು ಬೋರಲು ಬಿದ್ದಿತ್ತು, ಅದರ ತಳದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅದು ನಮ್ಮೂರ್ದಲ್ರಿ ಅಮ್ಮಾರ. ನಮ್ಮವು ಎಲ್ಲಾ ದಂಡಿ ಮ್ಯಾಲೆ ಅದಾವ, ನಾನ ಎಣಿಸಿ ಬಂದೇನಿ," ಎಂದ ಪಿಸುದನಿಯಲ್ಲಿ. "ಯಾಕೋ ಇವತ್ತ ಬ್ಯಾಡ ಅನಸ್ತೈತ್ರಿ."

ಅವನ ಮಾತು ಮುನಾಫನ ಕಿವಿಗೂ ಬಿತ್ತು. ಅವನು ಎದ್ದು ತಂದೆಯ ಮುಂದೆ ಮಂಡಿಯೂರಿ, ತಿರುಗಿ ಹೋಗೋಣ, ಮುಂದಿನ ಶುಕ್ರವಾರ ಬಂದರಾಯಿತು ಎಂದು ಬೇಡಿಕೊಂಡ. ಬೇನಜೀರಳೂ ದನಿಗೂಡಿಸಿದಳು. ಇಳಿಯಬೇಕೋ ಬೇಡವೋ ಎಂದು ಲಾಂಚಿನಲ್ಲಿ ಸಣ್ಣ ಪಂಚಾಯಿತಿಯೇ ನಡೆಯಿತು. ಗಂಡ ತಿರುಗೋಣ ಅಂದದ್ದು ಕೇಳಿ ಬೇನಜೀರಳ ಮುಖಕ್ಕೆ ಜೀವ ಬಂದದ್ದನ್ನು ಬಿಸ್ಮಿಲ್ಲಾಬಿ ಗಮನಿಸಿದಳು. ಪಾಪದ ಹುಡುಗಿ, ಅಷ್ಟು ದಿನ ಗಂಡನ ಪಕ್ಕ ನಿದ್ದೆಯಿಲ್ಲದೆ ಮಲಗಿದವಳು.

ಸಾಹೇಬರು ಎಲ್ಲರದೂ ಕೇಳಿ ಒಂದೇ ಮಾತು ಹೇಳಿದರು. ಹರಕೆ ಹರಕೆಯೇ, ನಾನು ಇಳಿಯುತ್ತೇನೆ.

ಬಿಸ್ಮಿಲ್ಲಾಬಿ ಎದ್ದಳು. ಗಡ್ಡೆಯ ಆಚೆ ಬದಿ ನೋಡಿಯೇ ಇಲ್ಲ, ಒಂದು ಸುತ್ತು ಹಾಕಿಸಿ, ಮುದುಕಿಯ ಆಸೆ ಎಂದಳು. ಸಾಹೇಬರು ತಲೆಯಾಡಿಸಿದರು. ಇಂಜಿನ್ನು ಗುಡುಗುಡು ಎಂದಿತು. ಆ ಸದ್ದಿನ ಮರೆಯಲ್ಲಿ ಅವಳು ಸಮೀವುಲ್ಲಾನನ್ನು ಸನ್ನೆ ಮಾಡಿ ಹಿಂದಕ್ಕೆ, ಡೀಸೆಲ್ ಡಬ್ಬಿಗಳ ಹತ್ತಿರ ಕರೆದಳು.

"ಥಂಡಿ ಆಗೇತೇನಪಾ?"

"ಹೌದ್ರಿ ಖಾಲಾ. ನೀರಿನ ಗಾಳಿ."

"ಕದರಮಂಡಲಗಿಯಾಗ ಯಾವ ನೀರಿನ ಗಾಳಿ ಬೀಸಿತ್ತು?"

ಅವನು ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡ.

ಬೇನಜೀರಳಿಗೆ ಬಂದ ಕರೆಯ ಜಾಡು ಹಿಡಿದು ಬಿಸ್ಮಿಲ್ಲಾಬಿ ಹೋದ ವಾರ ಕದರಮಂಡಲಗಿಗೆ ಹೋಗಿ ಬಂದಿದ್ದಳು. ಅದು ಆಂಜನೇಯನ ಗುಡಿಯ ಹತ್ತಿರದ ಚಹಾದಂಗಡಿಯವನ ಫೋನು. ಶನಿವಾರದ ಗದ್ದಲದಲ್ಲಿ ಯಾರೋ ಇಸಿದುಕೊಂಡು ಮಾತಾಡಿದ್ದ. ಚಹಾದಂಗಡಿಯವನಿಗೆ ಮುಖ ನೆನಪಿರಲಿಲ್ಲ. ಮೆಣಸಿನಕಾಯಿ ಗಾಡಿಯಿಂದ ಇಳಿದಿದ್ದ, ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು, ಇವನೆಂಥಾ ಮೆಣಸಿನಕಾಯಿ ಯಾಪಾರಿ ಅಂತ ನಕ್ಕೆ ಎಂದು ಮಾತ್ರ ಹೇಳಿದ್ದ.

"ಹನ್ನೆರಡು ವರ್ಷ ಗುಂಟೂರಿನ್ಯಾಗ ಚೀಲ ಹೊತ್ತಾವ ಇಷ್ಟ ಘಾಟಿಗೆ ಕಣ್ಣೀರು ಹಾಕ್ತಾನೇನು?" ಎಂದಳು ಬಿಸ್ಮಿಲ್ಲಾಬಿ. "ಫೋನ್ ಮಾಡಿದಾವ ನೀನ. ಮತ್ತ ನೀ ಈ ಮನಿ ಮಗ ಅಲ್ಲ. ಖರೇ ಹೇಳು, ಸುತ್ತು ಮುಗಿಯೂದ್ರಾಗ."

ಅವನು ಡಬ್ಬಿಯೊಂದರ ಮೇಲೆ ಕೂತ.

"ನನ್ನ ಹೆಸರು ಖಲಂದರ ಅಂತರಿ. ಹುಬ್ಬಳ್ಳ್ಯಾಗ ಟೆಂಪೋ ಹೊಡೀತಿದ್ದೆ."

ಉಳಿದದ್ದನ್ನು ಅವನು ತೊದಲುತ್ತ ಹೇಳಿದ. ಯಾರೋ ಫೋನಿನಲ್ಲಿ ಮಾತಾಡಿ ಅವನನ್ನು ಗೊತ್ತುಮಾಡಿದ್ದರು. ಮಗನಾಗಿ ಹೋಗು, ಹರಕೆ ನೆನಪಿಸು, ಮುದುಕನನ್ನು ಗಡ್ಡೆಗೆ ಕರೆತಾ, ಅಷ್ಟೇ ನಿನ್ನ ಕೆಲಸ ಎಂದಿದ್ದರು. ಆ ಮನುಷ್ಯನ ಮುಖ ಇವನು ನೋಡಿಯೇ ಇಲ್ಲ. ತಾಯಿ ಕರೆಯುತ್ತಿದ್ದ ಹೆಸರು, ಬಿರುಕು ಬಿಟ್ಟ ಮೆಟ್ಟಿಲು, ಎಲ್ಲಾ ಹೇಳಿಕೊಟ್ಟವನು ಅವನೇ. ಮುದುಕ ತಿರುಗಿ ಬರುವುದಿಲ್ಲ ಎಂಬ ಮಾತು ಅವನ ಬಾಯಿಂದ ಬಿದ್ದದ್ದು ಆಮೇಲೆ. ಅದನ್ನು ಕೇಳಿದ ದಿನವೇ ಇವನು ಬೇನಜೀರಳಿಗೆ ಫೋನು ಮಾಡಿದ್ದ.

"ಯಾಕ ಮಾಡಿದಿ? ನಿನಗೇನಾಗಬೇಕಿತ್ತು?"

"ಸಾಹೇಬ್ರು ದಿನಾ ರೊಟ್ಟಿ ಮುರದು ಮೊದಲನೇ ತುತ್ತು ನನಗ ಕೊಡ್ತಾರ್ರಿ," ಎಂದ ಖಲಂದರ. ಈಗ ಅವನ ಕಣ್ಣೀರು ಘಾಟಿನದಾಗಿರಲಿಲ್ಲ. "ನಮ್ಮಪ್ಪ ಹೆಂಗಿದ್ದಾ ಅನ್ನೂದ ನನಗ ಗೊತ್ತಿಲ್ಲ ಖಾಲಾ. ಲಾಂಚ್ ತಿರುಗಿಸ್ರಿ. ಆ ಮನಷ್ಯಾ ಅಲ್ಲೇ ಅದಾನ."

ಬಿಸ್ಮಿಲ್ಲಾಬಿಗೆ ಅವನ ಕೆನ್ನೆಗೊಂದು ಬಾರಿಸಬೇಕು ಅನ್ನಿಸಿತು, ತಲೆ ಸವರಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಅವಳು ಗಡ್ಡೆಯ ಮೇಲಿನ ತೆಳು ಹೊಗೆಯನ್ನೇ ನೋಡಿದಳು.

ಅಡಗಿ ಕೂತವನು ಸದ್ದು ಮಾಡುವುದಿಲ್ಲ, ಬೆಳಕು ತೋರಿಸುವುದಿಲ್ಲ. ಹೊಗೆ ಕಂಡರೂ ಮಂಜೆಂದುಕೊಂಡಾರು ಅಂತ ಧೈರ್ಯದಿಂದ ಒಲೆ ಹೊತ್ತಿಸಿದ್ದಾನು. ಆದರೆ ಆ ಒಲೆಗೆ ಮೆಣಸಿನಕಾಯಿ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಆರಾಮಾಗಿ ಕೂರುವವನು ಎಂಥವನು? ಘಾಟೆಂಬುದೊಂದು ಇದೆ ಎಂಬುದನ್ನೇ ಮರೆತವನು. ಮೂಗು ಸತ್ತವನು. ಬ್ಯಾಡಗಿಯ ಮೆಣಸಿನಕಾಯಿ ಮನೆಯಲ್ಲಿ ಹುಟ್ಟಿ ಬೆಳೆದವನು.

ಈ ಮನೆಯ ಅಂಥ ಮೂಗುಗಳೆಲ್ಲ ಈಗ ಲಾಂಚಿನಲ್ಲಿವೆ, ಒಂದನ್ನು ಬಿಟ್ಟು. ಹೊಳೆ ಪಾಲಾದ ಎಂದು ಎಲ್ಲರೂ ಅತ್ತಿದ್ದ ಹಿರಿಮಗನ ಮೂಗು ಅದು.

ಬಿಸ್ಮಿಲ್ಲಾಬಿ ರಾಣೆಬೆನ್ನೂರಿನ ಪರಿಚಯದ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದಳು. ಹೊರಟೆವು ಎಂದರು. ಹೊರಟರೂ ಐರಣಿಗೆ ಬಂದು, ದೋಣಿ ಹುಡುಕಿ, ಹೊಳೆ ದಾಟಬೇಕು. ಲಾಂಚು ಆಗಲೇ ಸುತ್ತು ಮುಗಿಸಿ ಗಡ್ಡೆಯ ದಂಡೆಗೆ ಬಂದು ಹತ್ತಿತ್ತು, ಗುಡದಪ್ಪ ಹಲಗೆ ಹಾಕಿದ್ದ. ಅವಳು ಲಗುಬಗೆಯಿಂದ ಸಾಹೇಬರ ಪಕ್ಕಕ್ಕೆ ಹೋಗಿ ಕೂತಳು. ಅವಳು ಬಾಯಿ ತೆರೆಯುವ ಮುಂಚೆ ಅವರೇ ಮಾತು ತೆಗೆದರು.

"ಘಾಟು ಬಂತೇನವಾ ನಿನಗ?"

"ಬಂತ್ರಿ."

"ಖರೇನ?"

"ಗಂಟಲ ಸುಡಾಕತ್ತೇತ್ರಿ."

ಸಾಹೇಬರು ಕಣ್ಣು ಮುಚ್ಚಿಕೊಂಡರು. "ಹಂಗಾದ್ರ ಅದಾನ," ಎಂದರು. "ನನ್ನ ಮೂಗು ಹೇಳೂದಿಲ್ಲ, ಅದಕ್ಕ ನಿನ್ನ ಕೇಳಿದೆ. ನೀ ಬೇನಜೀರನ ಖಾಲಾ ಅಲ್ಲ ಅನ್ನೂದೂ ಗೊತ್ತೈತಿ. ಆಕಿ ಬಳಗ ನೋಡಿ ಲಗ್ನಾ ಮಾಡಿದಾವ ನಾನು. ಗುತ್ತಲದಾಗ ಆಕಿಗೆ ಯಾರೂ ಇಲ್ಲ."

ಮೂವತ್ತು ವರ್ಷ ಬೇರೆಯವರ ಸುಳ್ಳು ಹಿಡಿದವಳಿಗೆ ತನ್ನದೇ ಸುಳ್ಳು ಹೀಗೆ ಸಲೀಸಾಗಿ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಯಿತು. ಆದರೆ ನಾಚಿಕೆಪಡಲು ಹೊತ್ತಿರಲಿಲ್ಲ. ಹಿಂದೆ ಕೂತವನು ನಿಮ್ಮ ಮಗನಲ್ಲ ಎಂದಳು.

ಅದೂ ಗೊತ್ತು ಎಂದರು ಸಾಹೇಬರು. ಬಂದ ದಿನವೇ ಗೋದಾಮಿನ ಬಾಗಿಲಲ್ಲಿ ನಿಂತು ಕೆಮ್ಮಿದ್ದನಂತೆ. ಮನೆಯವರಿಗಷ್ಟೇ ಗೊತ್ತಿದ್ದ ಮಾತುಗಳನ್ನು ಹೊರಗಿನವನಿಗೆ ಕಲಿಸಿ ಕಳಿಸುವವನು ಒಬ್ಬನೇ. ಸುಳ್ಳು ಮಗನನ್ನು ತಬ್ಬಿಕೊಂಡರೆ ನಿಜವಾದವನು ಒಂದು ದಿನ ಎದುರಿಗೆ ಬಂದಾನು ಎಂದು ಮುದುಕ ಕಾದು ಕೂತಿದ್ದ.

"ಅಂವ ನಿಮ್ಮನ್ನ ಜೀವಸಹಿತ ಬಿಡೂದಿಲ್ರಿ," ಎಂದಳು ಬಿಸ್ಮಿಲ್ಲಾಬಿ. "ಇಳಿಬ್ಯಾಡ್ರಿ. ಪೊಲೀಸರು ಹೊಂಟಾರ."

"ಪೊಲೀಸರು ಬಂದ್ರ ಅಂವ ಹೊಳಿಗೆ ಹಾರ್ತಾನ. ಮತ್ತೊಮ್ಮೆ ನನ್ನ ಮಗನ್ನ ಹೊಳಿಗೆ ಕೊಡೂದಿಲ್ಲ." ಸಾಹೇಬರು ಗಂಟು ಎತ್ತಿಕೊಂಡು ಎದ್ದರು. "ಏನಾರ ಆಗಲಿ, ಮಖಾ ನೋಡತೇನಿ."

ನಾನೂ ಬರುತ್ತೇನೆ ಎಂದು ಅವಳು ರಟ್ಟೆ ಹಿಡಿದಳು. ಅವರು ಮೆಲ್ಲಗೆ ಬಿಡಿಸಿಕೊಂಡರು. ಹಲಗೆಯ ಹತ್ತಿರ ನಿಂತಿದ್ದ ಮುನಾಫ ಅಡ್ಡ ಬಂದು, ಕರೆಯದೆ ಇಳಿಯುವಂತಿಲ್ಲ ಖಾಲಾ ಎಂದು ಕೈ ಮುಗಿದ. ಅವನಿಗೆ ಗೊತ್ತಿದ್ದದ್ದು ಪದ್ಧತಿ ಒಂದೇ, ಆಚೆ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಹೇಬರ ಬಿಳಿ ಜುಬ್ಬಾ ಹಲಗೆ ದಾಟಿ, ಜೊಂಡು ದಾಟಿ, ಜಾಲಿಮರಗಳ ನಡುವೆ ಮಂಜಿನೊಳಕ್ಕೆ ಹೋಗಿಬಿಟ್ಟಿತ್ತು. ಕೆಂಪು ಗಂಟು ಮಾತ್ರ ಸ್ವಲ್ಪ ಹೊತ್ತು ಕಂಡಿತು.

ಎಂಥೆಂಥ ಪುಂಡರನ್ನು ಕೊರಳಪಟ್ಟಿ ಹಿಡಿದು ಜೀಪು ಹತ್ತಿಸಿದವಳಿಗೆ ಒಬ್ಬ ಮುದುಕನನ್ನು ಕೂರಿಸಲು ಆಗಲಿಲ್ಲವಲ್ಲ. ಬಿಸ್ಮಿಲ್ಲಾಬಿ ತನ್ನ ಕೈಯನ್ನು ತಾನೇ ಶಪಿಸಿದಳು. ಆಮೇಲೆ ಮುನಾಫನನ್ನು ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಖಲಂದರ ತಲೆ ತಗ್ಗಿಸಿ ನಿಂತಿದ್ದ.

ಮುನಾಫ ಅವನ ಮೇಲೆ ಏರಿಹೋಗುತ್ತಾನೆಂದು ಅವಳು ಅಂದುಕೊಂಡಿದ್ದಳು. ಅವನು ಹೋಗಲಿಲ್ಲ. ಬೆಂಚಿಗೆ ಒರಗಿ, ಯಾರನ್ನೂ ನೋಡದೆ, ಹಳೆಯ ಸಂಗತಿಯೊಂದನ್ನು ಹೇಳಿದ.

ಕಾಣೆಯಾದ ವರ್ಷ ಅಣ್ಣ ಬೇರೆ ಸೀಮೆಯ ಅಗ್ಗದ ಕಾಯಿ ಬೆರೆಸಿ ಬ್ಯಾಡಗಿ ಮಾಲೆಂದು ಮಾರಿದ್ದ. ಅಬ್ಬಾನಿಗೆ ಗೊತ್ತಾಗಿತ್ತು. ಮನೆಯಲ್ಲಿ ಒಂದು ಮಾತೂ ಅನ್ನಲಿಲ್ಲ. ಹರಕೆಗೆ ಬಂದರು, ಒಬ್ಬರೇ ಇಳಿದರು, ಒಬ್ಬೊಬ್ಬರದೇ ಹೆಸರು ಕೂಗಿದರು. ಅಮ್ಮನನ್ನು, ಮುನಾಫನನ್ನು, ಅಡುಗೆಗೆ ಬಂದಿದ್ದ ಮರಿಯವ್ವನನ್ನೂ ಕರೆದರು. ಹಿರಿಮಗನನ್ನು ಕರೆಯಲಿಲ್ಲ.

"ಭಾಯಿ ಒಬ್ಬನ ದೋಣ್ಯಾಗ ಕುಂತಾ," ಎಂದ ಮುನಾಫ. "ನಮಗೆಲ್ಲಾ ಅಲ್ಲಿಂದ ಕಾಣ್ತಿತ್ತು. ಫಾತೇಹಾ ಓದಕಿ ಮುಗಿಸಿ ಬರೂದ್ರಾಗ ದೋಣಿ ಖಾಲಿ ಇತ್ತು."

ಬೇನಜೀರ ಗಂಡನ ಭುಜ ಹಿಡಿದುಕೊಂಡಳು. ಇಷ್ಟು ದಿನ ಅನುಮಾನಪಟ್ಟಿದ್ದಕ್ಕೋ ಏನೋ, ಆ ಹಿಡಿತ ಬಿಗಿಯಾಗಿತ್ತು.

ಕಾದರು. ಹೊಗೆ ತೆಳ್ಳಗಾಗುತ್ತ ನಿಂತುಹೋಯಿತು. ಬಿಸ್ಮಿಲ್ಲಾಬಿಯ ಗಂಟಲಿನ ಉರಿಯೂ ಇಳಿಯಿತು. ಅಂದರೆ ಯಾರೋ ಒಲೆ ಆರಿಸಿದ್ದರು. ಗಡ್ಡೆಯ ನಡುವಿನಿಂದ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದು ಹಾರಿದವು, ಮತ್ತೆ ಮರಕ್ಕೆ ಇಳಿಯಲೇ ಇಲ್ಲ. ಗುಡದಪ್ಪ ಯಾರೂ ಹೇಳದೆಯೇ ಇಂಜಿನ್ನಿನ ಮೇಲೆ ಕೈ ಇಟ್ಟುಕೊಂಡು ಕೂತ. ಐರಣಿಯ ಕಡೆಯಿಂದ ಯಾವ ದೋಣಿಯೂ ಬರುತ್ತಿರಲಿಲ್ಲ.

ಆಗ ಕರೆ ಬಂತು.

"ಮುನಾಫ... ಬಾ..."

ಉದ್ದಕ್ಕೆ ಎಳೆದ ಕೂಗು, ಪದ್ಧತಿಯಂತೆಯೇ. ಬೇನಜೀರ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. "ಯಾ ಅಲ್ಲಾ, ಅಬ್ಬಾ ಕರದ್ರು," ಎಂದಳು.

ಮುನಾಫ ಎದ್ದು ನಿಂತ.

"ಅಬ್ಬಾ ಅಲ್ಲ," ಎಂದ. "ಅದು ಭಾಯಿ ದನಿ."

ಅಣ್ಣ ಬದುಕಿದ್ದಾನೆ ಎಂದು ಆಗಲೇ ಹೇಳಿದೆನಲ್ಲ, ಗಟ್ಟಿಯಾಗಿರು ಎಂದು ಬಿಸ್ಮಿಲ್ಲಾಬಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಬೆಪ್ಪನಂತೆ ಅವಳನ್ನು ನೋಡಿದ.

"ನಿಮಗ ತಿಳೀಲಿಲ್ಲ ಖಾಲಾ," ಎಂದ. "ಕರಿಯೂದು ಮನಿ ಹಿರಿಯಾಂವ ಒಬ್ಬನ. ಅಬ್ಬಾ ಇರೂತನಕ ಭಾಯಿ ಕರಿಯಂಗಿಲ್ಲ."

ಖಲಂದರ ನಿಂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಗಡ್ಡೆಯಿಂದ ಎರಡನೆಯ ಕರೆ ಬಂತು. ಈ ಸಲ ಇನ್ನೂ ಹತ್ತಿರದಿಂದ. ಬೇನಜೀರ ಗಂಡನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು, ಬಿಸ್ಮಿಲ್ಲಾಬಿ ಅವನ ರಟ್ಟೆಗೆ ಕೈ ಹಾಕಿದ್ದಳು. ಆದರೆ ಕರೆದವರು ಇಳಿಯದೆ ಇರುವಂತಿಲ್ಲ, ಮುನಾಫನ ಒಂದು ಕಾಲು ಆಗಲೇ ಹಲಗೆಯ ಮೇಲಿತ್ತು.